ನಡುಗಲ್ಲು ಇಲ್ಲದ ಕಮಾನು

ಫೆಬ್ರವರಿ 11, ಭಾನುವಾರ

ಬಟ್ಟೆ ಒಗೆದದ್ದಾತು. ಬಂಗಡೆ ಮೀನು ತಂದೆ, ಅತ್ತೆ ಮುಟ್ಟಲಿಲ್ಲ. ಒಳಗೆ ಬರುವಾಗ ಇವತ್ತೂ ತಲೆ ಬಡೀತು. ಹೊಸ ಜಗಲಿಯ ಕಮಾನಿನ ಕೆಳಗೆ ಮರದ ಫರ್ಮಾ ಹಾಗೇ ಇದೆ — ಕಲ್ಲು ಬೀಳದ ಹಾಗೆ ಕೊಟ್ಟ ಆಧಾರ. ಎರಡೂ ಕಡೆಯಿಂದ ಕಲ್ಲು ಏರಿ ಬಂದು ನೆತ್ತಿಯಲ್ಲಿ ನಿಂತಿದೆ. ನಡುವಿನ ಒಂದೇ ಒಂದು ಕಲ್ಲು ಇಲ್ಲ. ಅಲ್ಲಿ ಆಕಾಶ ಕಾಣ್ತದೆ.

ಉಮೇಶ ಕಟ್ಟಿದ್ದು. ಹೆಸರು ಬರೆದೇಬಿಟ್ಟೆ! ಬದುಕಿದ್ದಾಗ ಗಂಡನ ಹೆಸರು ಒಂದು ದಿನ ಬಾಯಲ್ಲಿ ಬಂದದ್ದಿಲ್ಲ. ಈಗ ಯಾರ ಹೆದರಿಕೆ.

ಸಂಜೆ ಮತ್ತೆ ಆ ಸದ್ದು. ಕಮಾನಿನ ಹತ್ತಿರ. ಟಕ್... ಟಕ್ ಟಕ್. ಇವರು ಉಳಿ ಹೊಡೆಯುತ್ತಿದ್ದದ್ದೂ ಹಾಗೇ. ಒಂದು ಹೊಡೆದು, ನಿಲ್ಲಿಸಿ, ಆಮೇಲೆ ಎರಡು.

ಫೆಬ್ರವರಿ 14

ಮಗಳು ಪವಿತ್ರಾ ಅಪ್ಪನ ಫೋನ್ ಹಿಡಿದು ಕೂತಿದ್ದಾಳೆ. ಊಟ ಬೇಡವಂತೆ. ಅದರಲ್ಲಿ ಇವರ ವಾಯ್ಸ್ ರೆಕಾರ್ಡ್. ಹೊನ್ನಾವರ ಕಡೆ ಇಗರ್ಜಿ ಕೆಲಸ, ಹೊಸ ಚರ್ಚ್ ಕಟ್ಟೂದು, ಸಿಕ್ಕಿದ್ದೇ ಇವರಿಗೆ ಹುಚ್ಚು ಹಿಡಿದಿತ್ತು. ಇಂಜಿನಿಯರ್ ಪ್ಲಾನ್ ನೋಡಿ ಒಂದೊಂದೇ ಹೆಸರು ಬಾಯಿಪಾಠ.

"ನೇವ್ — ಜನ ಕೂರುವ ನಡುವಿನ ಉದ್ದ ಹಾಲ್. ಆಯ್ಲ್ — ಅದರ ಪಕ್ಕದ ಓಣಿ. ಆಪ್ಸ್ — ಕಡೆಗೆ ಗುಂಡಗೆ, ದೇವರಿರುವಲ್ಲಿ. ಕಂಬದ ತಲೆ ಕ್ಯಾಪಿಟಲ್. ಬಾಗಿಲ ಮೇಲಿನ ಮುಕ್ಕೋನ ಪೆಡಿಮೆಂಟ್. ಗುಂಡು ಕಮಾನು ರೋಮಿನವರದ್ದು, ಚೂಪು ಕಮಾನು ಗೋಥಿಕ್..."

ಆಮೇಲೆ ನಮ್ಮನೆಗೂ ಬಂತು ಗ್ರಹಚಾರ. ಪಡಸಾಲೆ ನೇವ್. ಬಚ್ಚಲ ದಾರಿ ಆಯ್ಲ್. ದೇವರ ಗೂಡು ಆಪ್ಸ್. ಸಂಜೆಯಿಡೀ ಗೋಡೆಗೆ ಒರಗಿ ಕೂರುವ ಅತ್ತೆ ಬಟ್ರೆಸ್ — ಗೋಡೆ ಜಾರದ ಹಾಗೆ ಹೊರಗಿಂದ ಕೊಡುವ ಆನಿಕೆ. ಅತ್ತೆ ಹೊನ್ನಮ್ಮ ಗುಡಿಸುವ ಹಿಡಿಕಟ್ಟೆ ತಗಂಡು ಹೊಡೆಯಲಿಕ್ಕೆ ಬಂದಿದ್ದರು. ನಗು ಬರ್ತದೆ. ನಗಲಿಕ್ಕಾಗೂದಿಲ್ಲ.

ಮಾರ್ಚ್ 3

ಬೀರಪ್ಪ ಬಂದಿದ್ದ. ಇವರ ಜೊತೆಗೆ ಇದ್ದ ಮೇಸ್ತ್ರಿ, ಈಗ ಭಟ್ಕಳದಲ್ಲಿ ಕೆಲಸ.

"ಮಳೆ ಬಿದ್ರೆ ಫರ್ಮಾ ಕೊಳೀತದೆ ಹೇಮಾ. ಅಷ್ಟರೊಳಗೆ ನಡುಗಲ್ಲು ಇಟ್ಟು ಕಮಾನು ಮುಚ್ಚೂಕು, ಇಲ್ಲ ಕೆಡಗೂಕು."

"ಮುಚ್ಚು. ಕಲ್ಲು ಅಲ್ಲೇ ಇದ್ಯಲ್ಲ."

ತೆಂಗಿನ ಬುಡದ ಕಡೆ ನೋಡಿದ. ಮುಖ ತಿರುಗಿಸಿದ. "ಅದನ್ನಾ? ನಾ ಮುಟ್ಟೂದಿಲ್ಲ ಮಾರಾಯ್ತಿ. ಕೆಡಗಿ ಸೀದಾ ಸಿಮೆಂಟ್ ಲಿಂಟಲ್ ಹಾಕ್ವ."

ಚಿರೇಕಲ್ಲು ಹಸಿಯಿದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಅದಕ್ಕೇ ಇಗರ್ಜಿ ಬಾಗಿಲಿನ ಕೀಸ್ಟೋನು — ಅದೇ ನಡುಗಲ್ಲು — ನಮ್ಮ ಜಗಲಿಯದ್ದು, ಎರಡನ್ನೂ ಒಟ್ಟಿಗೇ ಕಡಿದು ತೆಂಗಿನ ಬುಡದಲ್ಲಿ ಒಣಗಲಿಕ್ಕೆ ಬಿಟ್ಟಿದ್ದರು. ಆ ಬೆಳಿಗ್ಗೆ ಗಡಿಬಿಡಿ. ಇಗರ್ಜಿಯದ್ದು ಅಂತ ನಮ್ಮದನ್ನ ಒಯ್ದರು. ಅಲ್ಲಿ ಅದು ಕೂರಲಿಲ್ಲ. ಸಂಜೆ ಬೈಕಿನ ಹಿಂದೆ ಕಟ್ಟಿಕೊಂಡು ವಾಪಸ್ ಹೊರಟರು. ಹೈವೇಯಲ್ಲಿ ಬೈಕ್ ಜಾರಿತು.

ಕಲ್ಲಿಗೆ ಒಂದು ಚೂರೂ ಆಗಲಿಲ್ಲ. ಇವರಿಗಿಂತ ಮುಂಚೆ ಅದೇ ಮನೆಗೆ ಬಂತು, ಯಾರದೋ ರಿಕ್ಷಾದಲ್ಲಿ.

ಮಾರ್ಚ್ 5

ಸದ್ದಿನ ವಿಷಯ ಬೀರಪ್ಪನಿಗೆ ಹೇಳಿದ್ದೆ. ಫೋನ್ ಮಾಡಿದ. ಫರ್ಮಾದ ಬೆಣೆ ಒಣಗಿ ಸಡಿಲಾಗಿದೆಯಂತೆ, ಸಮುದ್ರದ ಗಾಳಿಗೆ ಬಡಿದುಕೊಳ್ತದೆಯಂತೆ. ಅಷ್ಟೇಯಂತೆ. ಇರಲಿ. ಅಷ್ಟಾದರೂ ಇದೆಯಲ್ಲ.

ಏಪ್ರಿಲ್ 27

ಅಂಗಡಿಯಿಂದ ಬೇಗ ಬಂದದ್ದು ಪುಣ್ಯ. ಅಂಗಳದಲ್ಲಿ ಗೂಡ್ಸ್ ರಿಕ್ಷಾ! ಕಲ್ಲನ್ನ ಅಘನಾಶಿನಿ ಹೊಳೆಗೆ ಹಾಕಿಸಲಿಕ್ಕೆ ಅತ್ತೆ ಜನ ಕರೆಸಿದ್ದಾರೆ.

"ನನ್ನ ಮಗನ್ನ ತಿಂದ ಕಲ್ಲು. ತಲೆ ಮೇಲೆ ಇಟ್ಕಂತ್ಯನೇ?"

ಹೋಗಿ ಕಲ್ಲಿನ ಮೇಲೆ ಕೂತೆ. "ನನ್ನನ್ನೂ ಒಟ್ಟಿಗೇ ಹಾಕಿ ಹೊಳೆಗೆ. ಇದು ಅವರು ಈ ಮನೆಗೆ ಅಂತ ಕಡಿದ ಕಲ್ಲು. ಇದನ್ನ ವಾಪಸ್ ತರುವಾಗಲೇ ಹೋದರು."

ರಿಕ್ಷಾದವನು ಸ್ಟಾರ್ಟ್ ಮಾಡಿ ಹೋದ. ಕಲ್ಲು ಬಿಸಿಲಿಗೆ ಕಾದು ಬೆಚ್ಚಗಿತ್ತು. ಏಳಲು ಮನಸ್ಸಾಗಲಿಲ್ಲ. ಇವರ ಬೆನ್ನಿಗೆ ತಾಗಿಕೊಂಡು ಬಂದ ಕಲ್ಲಲ್ಲವಾ.

ಸಂಜೆ ಟಕ್ ಅಂದಾಗ "ಬಂದೆ" ಅಂದುಬಿಟ್ಟೆ. ಅತ್ತೆ ಬಂದು ಬಾಯಿ ಮುಚ್ಚಿ ಹಿಡಿದರು. "ಓ ಅನ್ಬೇಡ. ಸತ್ತವರು ಕರೆದ್ರೆ ಓ ಅಂಬೂಕಾಗ."

ಹಾಗಾದರೆ ಅತ್ತೆಗೂ ಕೇಳ್ತದೆ.

ಮೇ 18

ಪವಿತ್ರಾ ಬೇರೆ ಕ್ಲಿಪ್ ಹಾಕಿದಳು. ಇವರು: "ಕೀಸ್ಟೋನ್. ಅವ್ವಿ, ಹೇಳು ಕಾಣ್ವ — ಕೀ-ಸ್ಟೋನ್." ಅತ್ತೆ: "ಕೀಸ್... ಹೋಗಾ! ನಿನ್ನ ತಲೆ!" ಆಮೇಲೆ ಅತ್ತೆಯ ನಗು. ಎಷ್ಟು ದೊಡ್ಡ ನಗು.

ಅತ್ತೆ ತಮ್ಮ ನಗು ತಾವೇ ಕೇಳಿದರು. ಎದ್ದು ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ.

ಮೇ 19, ಬೆಳಿಗ್ಗೆ

ಬೀರಪ್ಪ ಬಂದ. ಗಾರೆ ತಾನು ಹಾಕ್ತೆ, ಕಲ್ಲು ಮಾತ್ರ ಮುಟ್ಟೂದಿಲ್ಲ ಅಂದ. ಆತು, ನಾನೇ ಎತ್ತುತ್ತೇನೆ ಅಂದೆ. ಎಲ್ಲಿ ಎತ್ತೂದು! ಮೊಣಕಾಲಿನವರೆಗೂ ಬರಲಿಲ್ಲ. ಆಗ ಎದುರಿಗೆ ಎರಡು ಕೈ ಬಂತು. ಹಸಿರು ಬಳೆ ಇಲ್ಲದ ಮುದಿ ಕೈ.

"ಹಿಡಿ. ಬಟ್ರೆಸ್ ಇದ್ದೇನಲ್ಲ ನಾನು," ಅಂದರು ಅತ್ತೆ.

ಹಲಗೆ ಹತ್ತಿ ಇಬ್ಬರೂ ನೆತ್ತಿಯ ಸಂದಿಗೆ ಇಳಿಸಿದೆವು. ಕೂತಿತು. ಬೀರಪ್ಪ ಕಣ್ಣೊರೆಸಿಕೊಂಡ, ಸಿಮೆಂಟ್ ಹೋಯ್ತಂತೆ ಕಣ್ಣಿಗೆ.

ಜೂನ್ 2, ಸಂಜೆ

ಮೋಡ ಕಟ್ಟಿದೆ. ಇವತ್ತು ಫರ್ಮಾ ತೆಗೆದದ್ದು. ಕಡೆಯ ಬೆಣೆ ನನ್ನ ಕೈಲೇ ಹೊಡೆಸಿದ ಬೀರಪ್ಪ. ಕಮಾನು ನಿಂತಿತು. ತಲೆ ತಗ್ಗಿಸದೆ ಒಳಗೆ ಬಂದೆ. ಪವಿತ್ರಾ ಕೆಳಗೆ ನಿಂತು "ನೇವಿಗೆ ಬಾ ಅಪ್ಪಾ" ಅಂದಳು. ಅತ್ತೆ ಬೈಯಲಿಲ್ಲ.

ಈಗ ಎಲ್ಲ ಹೋದ ಮೇಲೆ ಅಳು ಬರ್ತಾ ಇದೆ. ಫರ್ಮಾ ಹೋಯ್ತು, ಇನ್ನು ಆ ಸದ್ದೂ ಇಲ್ಲ. ಕೈಯಾರೆ ಕಳಿಸಿಬಿಟ್ಟೆನಾ ಇವರನ್ನ? ಹೇಗಾದರೂ ಇರಲಿ, ಹೊರಗಾದರೂ ಇರಲಿ ಅಂತಿತ್ತು ನನಗೆ...

ಮರ ಬಾವಿಕಟ್ಟೆ ಹತ್ತಿರ ಬಿದ್ದಿದೆ. ಬೆಣೆ ನನ್ನ ಮಡಿಲಲ್ಲಿ. ಗಾಳಿ ಒಂದಿಷ್ಟೂ ಇಲ್ಲ.

ಟಕ್.

ಜಗಲಿಯಲ್ಲಲ್ಲ. ಒಳಗೆ. ದೇವರ ಗೂಡಿನ ಕಡೆ. ಇನ್ನೆರಡು ಬರಬೇಕು — ಅತ್ತೆಗೂ ಕೇಳಿತು, ಗೋಡೆ ಬಿಟ್ಟು ಎದ್ದರು, ನನಗಿಂತ ಮೊದಲು ಅವರೇ, "ಬಂದೆ ಮಗಾ" ಅಂತ