ಬ್ಯಾಗು ಕಾದವಳ ಉತ್ತರ

ಈಸ್ಟ್ ಬ್ರನ್ಸ್‌ವಿಕ್, ಶುಕ್ರವಾರ

ದಿವಾಕರ ಅವರಿಗೆ ಅಲಮೇಲು ಮಾಡುವ ನಮಸ್ಕಾರ.

ಜರ್ಮನಿ ಪ್ರವಾಸದಲ್ಲಿ ನಾನು ಬಸ್ಸನ್ನು ಮುಕ್ಕಾಲು ಗಂಟೆ ಕಾಯಿಸಿದೆನೆಂದೂ ಎಲ್ಲರ ಕ್ಷಮೆ ಕೇಳಬೇಕೆಂದೂ ಬರೆದಿದ್ದೀರಿ. ಕೇಳುವುದಿಲ್ಲ.

ರೈನ್ ನದಿಯ ದಡದ ಐದು ಕೋಟೆ ತೋರಿಸುತ್ತೇನೆಂದು ಕರೆದುಕೊಂಡು ಹೋದವರು ನೀವು. ನಾಲ್ಕು ಕೋಟೆಗಳ ಬುಡದಲ್ಲೂ "ಆಂಟಿ, ನಿಮ್ಗೆ ಸ್ಟೆಪ್ಸ್ ಕಷ್ಟ, ಬ್ಯಾಗ್ ನೋಡ್ಕೊಂಡಿರಿ" ಎಂದು ಕೂರಿಸಿದಿರಿ. ನನಗೆ ಐವತ್ತು, ನಿಮಗೆ ನಲವತ್ತೆಂಟು. ಮೇಲುಕೋಟೆ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಬೆಳೆದವಳು ನಾನು. ದಿನಾ ಬೆಳಗ್ಗೆ ಹೋಟೆಲ್ ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟು ಹನ್ನೆರಡು ಜನಕ್ಕೆ ಪುಳಿಯೋಗರೆ ಕಲಸುವಾಗ ನನ್ನ ಕಷ್ಟ ಯಾರಿಗೂ ಕಾಣಲಿಲ್ಲ.

ಐದನೆಯ ಕೋಟೆಯಲ್ಲಿ ಬ್ಯಾಗುಗಳನ್ನು ಡ್ರೈವರಿಗೆ ಒಪ್ಪಿಸಿ ನಾನೇ ಹತ್ತಿದೆ. ಮೇಲೆ ಸೂರು ಬಿದ್ದುಹೋದ ಹಳೆಯ ಚರ್ಚು ಇತ್ತು. ಯಾರ ದೇವರಾದರೇನು, ಅಲ್ಲೇ ಕೂತು ವಿಷ್ಣು ಸಹಸ್ರನಾಮ ಶುರುಮಾಡಿದೆ. ನೀವು ಕೆಳಗಿನಿಂದ ಕೂಗಿದ್ದು ಚೆನ್ನಾಗಿಯೇ ಕೇಳಿಸಿತು. ಪಾರಾಯಣದ ನಡುವೆ ಮಾತಾಡಬಾರದು, ನಿಮ್ಮ ತಾಯಿಯನ್ನು ಕೇಳಿ ನೋಡಿ. ಮುಗಿಸಿ, ಕೈಮುಗಿದು, ಆಮೇಲೆ ಇಳಿದೆ.

ಒಂದು ಉಪಕಾರ ಮಾಡಿ. ನಾಲ್ಕು ಕೋಟೆಗಳ ಮೇಲಿಂದ ನೀವು ತೆಗೆದ ಫೋಟೋಗಳನ್ನು ಕಳಿಸಿ. ಐದನೆಯದು ಬೇಡ, ಅದನ್ನು ನಾನು ನೋಡಿದ್ದೇನೆ.

ನಿಮ್ಮ ಬ್ಯಾಗು ಕಾದ,
ಅಲಮೇಲು