ತಿನ್ನುವ ಬಾಯಿ

ಹಾಲಿನ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ

ನನ್ನವರಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಊಟ ಚೆನ್ನಾಗಿ ಸೇರುತ್ತಿದೆ ಎಂದು ಈ ಸಲವೂ ಬರೆದಿದ್ದೀರಿ, ಅತ್ತೆಗೆ ಎರಡು ಸಲ ಓದಿ ಹೇಳಿದೆ. ಆಸ್ಪತ್ರೆಯ ಹಾಲು ನೀರಾಗಿದೆ ಎಂದು ಅಲ್ಲಿ ಜಗಳ ತೆಗೆಯಬೇಡಿ. ಹಾಲಿನವಳ ಗಂಡ ನೀರಿನ ಮಾತೆತ್ತಿದರೆ ನಾಲ್ಕು ಜನ ನಗುತ್ತಾರೆ.

ಇನ್ನು ನಿಮ್ಮ ಕುದುರೆ ಕೆಂಪಿಯ ವಿಷಯ. ಖರ್ಚು ಮೊದಲು ಹೇಳಿಬಿಡುತ್ತೇನೆ, ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ದನದ ಡಾಕ್ಟರು ಐದು ಸಲ ಬಂದರು. ಔಷಧಿ, ಗೊರಸಿಗೆ ಪಟ್ಟಿ, ಮಲಗಲು ಮೂಟೆಗಟ್ಟಲೆ ಮರದ ಹೊಟ್ಟು. ನಿಮ್ಮ ಹಳೇ ಕಂಬಳಿಯೂ ಅದರಡಿ ಹೋಯಿತು. ಅವಳ ಗಾಡಿ ನಿಂತಿದ್ದರಿಂದ ಹಾಲು ಬಾಡಿಗೆ ವ್ಯಾನಿನಲ್ಲಿ ಹೋಗುತ್ತಿದೆ, ಲಾಭವೆಲ್ಲ ವ್ಯಾನಿನವನ ಜೇಬಿಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಸ್ಪತ್ರೆಗೆ ಹೊರಟಾಗ ನೀವು ಹೇಳಿದ್ದಿರಿ, "ಮೇವು ತಿನ್ನೋದು ಬಿಟ್ಟ ದಿನ ಡಾಕ್ಟರ ಕೊನೇ ಸೂಜಿಗೆ ಹೂಂ ಅನ್ನು. ಅಲ್ಲೀವರೆಗೂ ತಿನ್ನೋ ಬಾಯಿ ಮುಚ್ಚಿಸಬೇಡ" ಅಂತ. ಅದನ್ನೇ ಹಿಡಿದುಕೊಂಡು ಕೂತೆ. ಡಾಕ್ಟರು ಮೊದಲ ದಿನವೇ ಮುಂಗಾಲು ಎತ್ತಿ ನೋಡಿ, "ಗೊರಸಿನ ಒಳಗಿನ ಮೂಳೆ ಕೆಳಕ್ಕೆ ಜಾರಿದೆಯಮ್ಮ, ಒಂದಿನ ಅಂಗಾಲು ಹರ್ಕೊಂಡು ಬರುತ್ತೆ. ಬೇಗ ತೀರ್ಮಾನ ಮಾಡಿ" ಎಂದಿದ್ದರು. "ತಿಂತಾ ಇದ್ದಾಳಲ್ಲ ಸಾರ್" ಎಂದೆ ನಾನು. ಅತ್ತೆಯಂತೂ, "ನಿಮಗಿಂತ ಚೆನ್ನಾಗೇ ತಿಂತಾಳಪ್ಪ" ಎಂದುಬಿಟ್ಟರು. ಪಾಪ, ಡಾಕ್ಟರು ಸಣಕಲು ಮನುಷ್ಯ.

ತಿನ್ನುತ್ತಿದ್ದದ್ದು ನಿಜ. ಮೊದಮೊದಲು ಬಾಗಿಲ ಬಳಿಯ ಮೇವಿನ ಬಕೆಟ್ಟಿಗೇ ಬರುತ್ತಿದ್ದಳು. ಕಾಲೂರಿದರೆ ನಡುಗುತ್ತಾಳೆಂದು ಬಕೆಟ್ಟನ್ನು ಲಾಯದ ನಡುವೆ ಇಟ್ಟೆ. ಆಮೇಲೆ ಗೋಡೆಯ ಹತ್ತಿರ, ಕೊನೆಗೆ ಗದ್ದದ ಕೆಳಗೇ. ಖಾಲಿ ಬಕೆಟ್ ಕಂಡಾಗಲೆಲ್ಲ ಅತ್ತೆಗೆ ಕೂಗಿ ಹೇಳುತ್ತಿದ್ದೆ, ಅವರು ಬೀದಿಗೆಲ್ಲ ಹೇಳುತ್ತಿದ್ದರು. ಹನಿ ಹಾಲಿಗೂ ಲೆಕ್ಕ ಇಡುವ ನನಗೆ, ನಡೆಯುತ್ತಿರುವುದು ಬಕೆಟ್ಟೇ ಹೊರತು ಕೆಂಪಿಯಲ್ಲ ಎಂದು ಹೊಳೆಯಲಿಲ್ಲ.

ನಿನ್ನೆ ಡಾಕ್ಟರು ಬಂದವರು ಮಲಗಿ ಮಲಗಿ ಅವಳ ಸೊಂಟದಲ್ಲಿ ಎದ್ದ ಹುಣ್ಣು ನೋಡಿದರು. ಬಕೆಟ್ಟನ್ನು ಎತ್ತಿ ಬಾಗಿಲ ಬಳಿ ಇಟ್ಟರು. ಕೆಂಪಿ ಕತ್ತು ಚಾಚಿದಳು. ಒಂದು ಮುಂಗಾಲು ಊರಿದಳು, ತೆಗೆದಳು, ಹೊಟ್ಟಿನ ಮೇಲೆ ತಲೆ ಇಟ್ಟುಬಿಟ್ಟಳು. "ಆಯ್ತು ಸಾರ್" ಎಂದೆ.

ಇವತ್ತು ಬೆಳಿಗ್ಗೆ ಸೂಜಿ ಚುಚ್ಚಿದಾಗಲೂ ತಿನ್ನುತ್ತಲೇ ಇದ್ದಳು. ಕೊನೆಯ ತುತ್ತು ಹಲ್ಲಿನ ನಡುವೆಯೇ ಉಳಿಯಿತು. ನಿಮ್ಮ ಮಾತು ಮೀರಿದೆ. ಬೈಯುವುದಾದರೆ ಬೈಯಿರಿ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿ.

ಇಂತಿ,
ನಿಮ್ಮ ಲೆಕ್ಕದಮ್ಮ

ತಾ.ಕ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಊಟ ಸೇರುತ್ತಿದೆ ಎಂದಷ್ಟೇ ಬರೆದರೆ ಇನ್ನು ನಂಬುವುದಿಲ್ಲ. ಮೊದಲ ಕಾಗದದಲ್ಲಿ ಊಟದ ಕೋಣೆಗೆ ಹೋಗುತ್ತೇನೆ ಎಂದಿರಿ, ಆಮೇಲೆ ಕಿಟಕಿ ಪಕ್ಕದ ಮೇಜು ಎಂದಿರಿ. ಈಗ ತಟ್ಟೆ ಎಲ್ಲಿಗೆ ಬರುತ್ತದೆ? ಅದನ್ನು ಬರೆಯಿರಿ. ಅತ್ತೆಗೆ ಓದಿ ಹೇಳುವುದಿಲ್ಲ.

ಲೆಕ್ಕ ಮುಗಿಸಿಬಿಡುತ್ತೇನೆ. ಡಾಕ್ಟರಿಗೆ ಫೀಸು ಸಿಕ್ಕಿತು. ವ್ಯಾನಿನವನಿಗೆ ಕಾಯಂ ಬಾಡಿಗೆ. ಕೆಂಪಿಗೆ ನೋವು ತೀರಿತು. ನನ್ನ ಪಾಲಿಗೆ ಬಕೆಟ್ ಉಳಿದಿದೆ, ತೊಳೆದು ಬೋರಲು ಹಾಕಿದ್ದೇನೆ.