ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ

ಗೋರೆಗಾಂವ್, ಮುಂಬಯಿ
೧೭ ಸೆಪ್ಟೆಂಬರ್ ೧೯೮೮, ಶನಿವಾರ

ಪ್ರೀತಿಯ ಅಣ್ಣಾ,

‘ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ’ ಎಂದೋ, ‘ರಿಂಗಾಗುತ್ತಲೇ ಇರುತ್ತದೆ’ ಎಂದೋ ನೀನು ಬರೆದದ್ದು. ಆ ಕಾಗದ ಈಗ ಕೈಗೆ ಸಿಗುತ್ತಿಲ್ಲ. ಮಾತು ಮಾತ್ರ ಉಳಿದಿದೆ. ಲುಸಾಕಾದಿಂದ ಮೂರು ಭಾನುವಾರ ಟ್ರಂಕ್ ಕಾಲ್ ಬುಕ್ ಮಾಡಿ, ಗಂಟೆಗಟ್ಟಲೆ ಕಾದು, ನಾವೆಲ್ಲ ಎಲ್ಲೋ ಸುತ್ತಾಡಲು ಹೋಗಿರಬೇಕು ಅಂದುಕೊಂಡು ಸುಮ್ಮನಾದೆಯಂತೆ. ನಾವು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು.

ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ಮಲೇರಿಯಾ ಮಾತ್ರೆ ನುಂಗುವುದನ್ನು ನೀನು ಮರೆಯುತ್ತೀಯ ಎಂದು ಅವರು ಹೋದ ಸಲ ದೂರಿದ್ದರು. ಮರೆಯಬೇಡ. ಇಲ್ಲಿ ರಮಾಮಣಿ ಚೆನ್ನಾಗಿದ್ದಾಳೆ. ನಾನು ಎಂದಿನಂತೆ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಬೈಕುಲ್ಲಾದ ವರ್ಕ್‌ಶಾಪಿನ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಸಂಜೆ ವಾಪಸಾಗುತ್ತೇನೆ. ನಲವತ್ತೇಳು ತುಂಬಿತು. ಹೊಸ ಕನ್ನಡಕ ಬಂದಿದೆ. ಸಣ್ಣ ವಸ್ತುಗಳು ಈಗ ಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತವೆ. ನಿನ್ನ ಫ್ಲ್ಯಾಟು ಸುಸ್ಥಿತಿಯಲ್ಲಿದೆ. ಬಾಗಿಲ ಮೇಲಿನ ನಿನ್ನ ಹೆಸರಿನ ಹಿತ್ತಾಳೆ ಫಲಕವನ್ನು ರಮಾಮಣಿ ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಾಳೆ.

ಫೋನಿನ ವಿಷಯಕ್ಕೆ ಬರುತ್ತೇನೆ. ಹೋದ ವರ್ಷದ ಮಳೆಗಾಲದಲ್ಲಿ ಅದು ನಿಜವಾಗಿಯೇ ಕೆಟ್ಟಿತ್ತು. ಎತ್ತಿದರೆ ಒಗ್ಗರಣೆ ಸಿಡಿದಂಥ ಸದ್ದು, ಅದರ ನಡುವೆ ಯಾರೋ ಇಬ್ಬರು ಗುಜರಾತಿಯಲ್ಲಿ ಬಟ್ಟೆ ವ್ಯಾಪಾರ ಮಾತಾಡುತ್ತಿರುವುದು. ಮೂರು ವಾರ ಕಂಪ್ಲೇಂಟ್ ಬರೆಸಿದ ಮೇಲೆ ಲೈನ್‌ಮನ್ ಬಂದ. ದೂಜ ಎಂದು ಹೆಸರು, ಮಂಗಳೂರಿನ ಕಡೆಯವನು, ಕಾಂದಿವಲಿಯಲ್ಲಿ ಮನೆ. ನಮ್ಮ ಮಾತು ಕೇಳಿದ್ದೇ ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದ. ಟೆರೇಸಿನ ಡಬ್ಬಿಯೊಳಗೆ ನಿಂತಿದ್ದ ನೀರು ತೆಗೆದು, ಕೆಳಗೆ ಬಂದು, ಹಾಲಿನ ಗೋಡೆಯಲ್ಲಿರುವ ಪುಟ್ಟ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗೆ ಎರಡು ತಂತಿ, ಎರಡು ಸ್ಕ್ರೂ. ಅಷ್ಟೇ. ನಾನು ಡ್ರಾಯಿಂಗ್ ಕೆಲಸದವನೆಂದು ತಿಳಿದು ಅವನಿಗೆ ಸಂತೋಷವಾಗಿರಬೇಕು, ಪಕ್ಕಕ್ಕೆ ಕರೆದು ತೋರಿಸಿದ. “ನೋಡಿ ಸಾರ್, ಈ ಸ್ಕ್ರೂ ಲೂಸಾದ್ರೆ ಫೋನ್ ಸತ್ತ ಹಾಗೆ. ಮಾಡಿದವ್ರಿಗೆ ಆ ಕಡೆ ರಿಂಗ್ ಆಗ್ತಾ ಇರ್ತದೆ, ಇಲ್ಲಿ ಎಂತ ಇಲ್ಲ. ಹಾಗಾದ್ರೆ ನನಗೆ ಕಾಯ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ನೀವೇ ಟೈಟ್ ಮಾಡಿ.” ಮನೆಯವರ ಕೈಗೆ ಆ ಡಬ್ಬಿ ಬಿಡುವುದು ನಿಯಮಕ್ಕೆ ಒಪ್ಪುವ ಮಾತಲ್ಲವಂತೆ. ನಂಬಿ ಹೇಳಿಕೊಟ್ಟ.

ನೀನು ಹೋಗಿ ನಾಲ್ಕು ವರ್ಷವಾದರೂ ಈ ಫೋನು ನಿನ್ನನ್ನೇ ಕರೆಯುತ್ತದೆ. ಡೈರೆಕ್ಟರಿಯಲ್ಲಿ ನಿನ್ನ ಹೆಸರು, ಕನ್ನಡ ಸಂಘದ ಹಳೆಯ ಲೆಟರ್‌ಹೆಡ್ಡಿನಲ್ಲಿ ಈ ನಂಬರು. ಹುಬ್ಬಳ್ಳಿಯಿಂದ ಬರುವ ನಾಟಕ ತಂಡಕ್ಕೆ ತಂಗಲು ಜಾಗ ಬೇಕು, ಹಿರಿಯಣ್ಣನವರಿದ್ದಾರಾ? ಮಗನಿಗೆ ಕೆಲಸಕ್ಕೆ ಒಂದು ಮಾತು ಹೇಳಬೇಕಿತ್ತು, ಹಿರಿಯಣ್ಣನವರಿದ್ದಾರಾ? ಇಲ್ಲ, ಅವರು ಆಫ್ರಿಕಾದಲ್ಲಿದ್ದಾರೆ ಎನ್ನುತ್ತೇನೆ. ಆ ಕಡೆ ಒಂದು ನಿಟ್ಟುಸಿರು. ನನ್ನಿಂದ ಏನಾದರೂ ಆಗಬಹುದೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನನ್ನಿಂದ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಜನವರಿಯ ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ ಒಬ್ಬ ಹೆಂಗಸು ಫೋನ್ ಮಾಡಿದರು. ನಿನ್ನನ್ನು ಹದಿನೈದು ವರ್ಷದಿಂದ ಬಲ್ಲವರಂತೆ, ಈ ಹಾಲಿನಲ್ಲಿ ಕೂತು ಕಾಫಿ ಕುಡಿದವರಂತೆ. ನೀವು ಯಾರು ಎಂದರು. ತಮ್ಮ ಎಂದೆ. “ಅಯ್ಯೋ, ಅವ್ರಿಗೆ ತಮ್ಮ ಬೇರೆ ಇದ್ದಾರಾ?” ಎಂದು ನಕ್ಕರು. ಕೆಟ್ಟ ನಗೆಯೇನಲ್ಲ. ಕೈ ತೊಳೆದು ಬಂದು, ನನ್ನ ಪೆಟ್ಟಿಗೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಆ ಸ್ಕ್ರೂವನ್ನು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿದೆ.

ಆ ದಿನ ಮನೆ ಬಹಳ ನಿಶ್ಶಬ್ದವಾಗಿತ್ತು. ಮೊದಲ ಸಲ ಈ ಮನೆ ನನ್ನದು ಅನಿಸಿತು. ಬರೆಯುವಾಗ ಎಷ್ಟು ಅಲ್ಪವಾಗಿ ಕಾಣುತ್ತದೆ ನೋಡು.

ಆಮೇಲೆ ಅದು ರೂಢಿಯಾಯಿತು. ಸಂಜೆ ಬಂದು ಚಪ್ಪಲಿ ಬಿಟ್ಟ ಮೇಲೆ ಸಡಿಲಿಸುವುದು, ಬೆಳಿಗ್ಗೆ ಹೊರಡುವ ಮುಂಚೆ ಬಿಗಿಮಾಡುವುದು. ಭಾನುವಾರ ಇಡೀ ದಿನ ಸಡಿಲ. ನಿನ್ನ ಮೂರು ಭಾನುವಾರಗಳೂ ಆ ಲೆಕ್ಕದಲ್ಲೇ ಹೋದವು. ರಮಾಮಣಿ ಸ್ನಾನಕ್ಕೋ ಪೂಜೆಗೋ ಹೋದ ಹೊತ್ತು ನೋಡಿಕೊಂಡು ಮಾಡುತ್ತಿದ್ದೆ, ಹಾಗಾಗಿ ಅವಳಿಗೆ ಗೊತ್ತಾಗಲಿಲ್ಲ. ಪಾತ್ರೆ ತೊಳೆಯಲು ಬರುವ ಇಂದ್ರಾಬಾಯಿ ಮಾತ್ರ ಒಂದು ಬೆಳಿಗ್ಗೆ ನೋಡಿಬಿಟ್ಟಳು. ವಿಜಾಪುರದ ಕಡೆಯ ಹೆಂಗಸು, ಬಾಯಿಗೆ ಬೀಗವಿಲ್ಲ. “ಏನ್ರೀ ಸಾಹೇಬ್ರ, ದಿನಾ ಗ್ವಾಡಿ ಕಿವಿ ಹಿಂಡಾಕತ್ತೀರಲ್ಲ, ಏನ್ ತಪ್ಪ್ ಮಾಡೈತ್ರಿ ಅದು?” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ, ಪೊರಕೆ ಎತ್ತಿಕೊಂಡು ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ.

ಆದರೆ ಫೋನಿನ ಕಾಯಿಲೆ ರಮಾಮಣಿಗೆ ಗೊತ್ತಾಗದೆ ಇರುತ್ತದೆಯೆ? ಮೈಸೂರಿನಿಂದ ಅವಳ ಅಮ್ಮ ಭಾನುವಾರಗಳಂದೇ ಮಾಡುವುದು. ರಮಾಮಣಿ ಪಕ್ಕದ ಬಿಲ್ಡಿಂಗಿನಿಂದ ೧೯೮ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಬರೆಸುವಳು. ಎರಡು ದಿನ ಬಿಟ್ಟು ಮಧ್ಯಾಹ್ನ ದೂಜ ಬರುವನು. ಮಧ್ಯಾಹ್ನ ಫೋನ್ ಸರಿಯಾಗಿಯೇ ಇರುತ್ತಿತ್ತು. ಅವನು ಎತ್ತಿ, ಕೇಳಿ, ಎಕ್ಸ್‌ಚೇಂಜಿಗೆ ಮಾತಾಡಿ, ‘ಸರಿಯಿದೆ’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗುವನು. ಸಂಜೆ ಮತ್ತೆ ಸತ್ತಿರುತ್ತಿತ್ತು. ಹೀಗೆ ಏಳು ಸಲ. ಐದನೆಯ ಸಲವೋ ಆರನೆಯ ಸಲವೋ ಅವನು ಕಂಬದಿಂದ ಟೆರೇಸಿನವರೆಗೆ ಹೊಸ ತಂತಿ ಎಳೆದಿದ್ದನಂತೆ, ತನ್ನ ಅನುಮಾನಕ್ಕೆ. ರಮಾಮಣಿ ನನಗೆ ಹೇಳಿದಳು, ಅದೂ ಹಂಗಿಸುವ ದನಿಯಲ್ಲಿ: “ತಂತಿ ಬದಲಾಯಿಸ್ತಾನಂತೆ, ತಲೆ ಬದಲಾಯಿಸ್ಕೋ ಅಂದೆ.”

ಜುಲೈ ಕೊನೆಯಲ್ಲಿ ಅವಳ ತಾಳ್ಮೆ ಮುಗಿಯಿತು. ಮೇಲಿನ ಅಧಿಕಾರಿಗೆ ಬರೆಯಬೇಕೆಂದಳು: ಈ ಲೈನ್‌ಮನ್ ಕೆಲಸ ಮಾಡದೆಯೇ ಮಾಡಿದೆ ಎಂದು ಸುಳ್ಳು ಬರೆದುಕೊಂಡು ಹೋಗುತ್ತಾನೆ ಎಂದು. ಹೋಗಲಿ ಬಿಡು ಎಂದೆ. “ನೀವು ಮೆತ್ತಗಿರೋದಕ್ಕೇ ರೀ ಇದೆಲ್ಲ. ನಿಮ್ಮಣ್ಣ ಇದ್ದಿದ್ರೆ ಇಷ್ಟು ಹೊತ್ತಿಗೆ ಎಕ್ಸ್‌ಚೇಂಜೇ ಎದ್ದು ಮನೆಬಾಗಿಲಿಗೆ ಬಂದಿರೋದು,” ಎಂದಳು. ಆ ರಾತ್ರಿ ನಾನೇ ಕೂತು ಇಂಗ್ಲಿಷಿನಲ್ಲಿ ದೂರು ಬರೆದೆ. ಏಳು ತಾರೀಖುಗಳನ್ನು ಒಂದರ ಕೆಳಗೊಂದು ಹಾಕಿ, ಪ್ರತಿ ತಾರೀಖಿನ ಎದುರು ಅವನ ‘ಸುಳ್ಳು’. ನನ್ನ ಅಕ್ಷರ ಚೆನ್ನಾಗಿದೆ ಎಂದು ನಿನಗೆ ಗೊತ್ತು. ದೂರು ನಿನ್ನ ಹೆಸರಿನಲ್ಲಿ ಹೋಯಿತು, ಫೋನ್ ನಿನ್ನದಲ್ಲವೆ.

ಅದನ್ನು ಪೋಸ್ಟ್ ಮಾಡಿ ಬಂದ ದಿನವೂ ಸ್ಕ್ರೂ ಸಡಿಲಿಸಿದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ದೂರು ನಿಜವಾಗಿರಬೇಕಾದರೆ ಫೋನು ಕೆಡುತ್ತಲೇ ಇರಬೇಕಿತ್ತು.

ಹೋದ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ದೂಜ. ಖಾಕಿ ಇರಲಿಲ್ಲ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಚರ್ಚಿನಿಂದ ನೇರವಾಗಿ ಬಂದಿದ್ದ. ಕೈಯಲ್ಲಿ ಮಾತ್ರ ಉಪಕರಣದ ಚೀಲ. ಅವನಿಗೆ ಮೆಮೋ ಬಂದಿದೆ. ಒಂಬತ್ತು ವರ್ಷದಿಂದ ದಿನಗೂಲಿಯಲ್ಲಿದ್ದಾನಂತೆ, ಅಣ್ಣಾ, ಈ ವರ್ಷ ಕಾಯಂ ಆಗುವವರ ಪಟ್ಟಿಯಲ್ಲಿ ಹೆಸರಿತ್ತಂತೆ. ವಿಚಾರಣೆ ಮುಗಿಯುವವರೆಗೆ ಅದನ್ನು ತಡೆದಿದ್ದಾರೆ. ತಪ್ಪು ಅವನದೆಂದಾದರೆ ದಿನಗೂಲಿಯೂ ಇರುವುದಿಲ್ಲ. ನಾನು ಅವನು ಬೇಡಿಕೊಳ್ಳುತ್ತಾನೆ ಎಂದು ಕಾದೆ. ಬೇಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. “ಕಂಪ್ಲೇಂಟ್ ಹಿಂದೆ ತಗೊಳ್ಳಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ ಸಾರ್. ನಾನು ಎಲ್ಲಿ ತಪ್ಪಿದ್ದು ಅಂತ ನನಗೆ ಗೊತ್ತಾಗ್ಬೇಕು. ನಾನು ಬಂದಾಗೆಲ್ಲ ಸರಿ ಇತ್ತಲ್ಲ? ನಿದ್ರೆ ಬರುದಿಲ್ಲ. ಒಮ್ಮೆ ನೋಡ್ತೇನೆ,” ಎಂದ.

ಭಾನುವಾರ ಎಂದೆನಲ್ಲ. ಸ್ಕ್ರೂ ಸಡಿಲವಾಗಿತ್ತು.

ಅವನು ಟೆರೇಸಿನಿಂದ ಶುರುಮಾಡಿ ಇಂಚಿಂಚಾಗಿ ಕೆಳಗೆ ಬಂದ. ಮುಕ್ಕಾಲು ಗಂಟೆಯಾಗಿರಬೇಕು. ಆ ಹೊತ್ತಿನಲ್ಲಿ ನಾನು ಗೋಡೆಯ ಹತ್ತಿರ ಎರಡು ಸಲ ಹೋದೆ, ಎರಡು ಸಲವೂ ರಮಾಮಣಿ ಏನನ್ನೋ ಎತ್ತಿಕೊಳ್ಳಲು ಹಾಲಿಗೆ ಬಂದಳು. ಕೊನೆಗೆ ಅವನು ಗೋಡೆಯ ಡಬ್ಬಿಯ ಮುಂದೆ ಮೊಣಕಾಲೂರಿ ಮುಚ್ಚಳ ಬಿಚ್ಚಿದ. ಆಮೇಲೆ ಆ ಸ್ಕ್ರೂವನ್ನು ಪೂರ್ತಿ ಹೊರಗೆ ತೆಗೆದು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದ. ತಲೆಯ ಗೀರು ಸವೆದು ಬಟ್ಟಲಿನಂತಾಗಿತ್ತು. “ಇದನ್ನು ನಾನು ಮುಟ್ಟಿದ್ದು ಎರಡು ಸಲ,” ಎಂದ, ಮೆಲ್ಲಗೆ. ನನ್ನ ಕಡೆ ನೋಡಿದ. ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ನನಗೂ ತಿಳಿಯಿತು. ಅಷ್ಟರಲ್ಲಿ ರಮಾಮಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಏನಪ್ಪಾ, ಈಗ್ಲಾದ್ರೂ ಸಿಕ್ತಾ ನಿನ್ನ ಕಳ್ಳ?” ಎಂದಳು. ದೂಜ ಚೀಲದಿಂದ ಹೊಸ ಸ್ಕ್ರೂ ತೆಗೆದು ಕೂರಿಸುತ್ತ, “ಸಿಕ್ಕಿತು ಅಮ್ಮ. ಸ್ಕ್ರೂ ಹಳತಾಗಿತ್ತು. ನಾನು ಮೊದಲೇ ನೋಡ್ಬೇಕಿತ್ತು,” ಎಂದ.

ಅವಳು ಕೊಟ್ಟ ಚಹಾ ಕುಡಿದ. ಲೋಟ ತಾನೇ ಪಾತ್ರೆ ತೊಳೆಯುವ ಮೋರಿಯ ಹತ್ತಿರ ಇಟ್ಟುಬಂದ. ಹೋಗುವಾಗ ಹಳೆಯ ಸ್ಕ್ರೂವನ್ನು ಫೋನಿನ ಪಕ್ಕ ಮೇಜಿನ ಮೇಲೆ ಇಟ್ಟು, “ಇನ್ನು ಸರಿ ಇರ್ತದೆ ಸಾರ್,” ಎಂದ. ಮೆಟ್ಟಿಲಿಳಿಯುವ ಸದ್ದು ಮೂರು ಮಹಡಿಯೂ ಕೇಳಿಸಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ, ಕರೆಯಲಿಲ್ಲ.

ಅಂದಿನಿಂದ ಫೋನು ಕೆಟ್ಟಿಲ್ಲ. ಈ ವಾರ ಐದು ಸಲ ಹೊಡೆದುಕೊಂಡಿತು. ನಾಲ್ಕು ನಿನಗೆ, ಒಂದು ರಮಾಮಣಿಯ ಅಮ್ಮನದು. ಮಂಗಳವಾರ ಎಕ್ಸ್‌ಚೇಂಜಿನಿಂದ ನಿನ್ನ ಹೆಸರಿಗೆ ರಿಜಿಸ್ಟರ್ಡ್ ಕಾಗದ ಬಂತು: ದೂರುದಾರರು ಖುದ್ದಾಗಿ ಬರಬೇಕು ಅಥವಾ ಜೊತೆಗಿರುವ ನಮೂನೆಯಲ್ಲಿ ಸಹಿ ಮಾಡಿದ ಹೇಳಿಕೆ ಅಕ್ಟೋಬರ್ ಇಪ್ಪತ್ತರೊಳಗೆ ಕಳಿಸಬೇಕು. ನೀನೇ ಹೋಗಿ ಹೇಳಬಹುದಲ್ಲ ಎನ್ನುತ್ತೀಯ. ಗುರುವಾರ ರಜೆ ಹಾಕಿ ಹೋಗಿದ್ದೆ. ಕೌಂಟರಿನವನು ಫೈಲಿನಿಂದ ತಲೆಯೆತ್ತದೆ, “ಆಪ್ ಹಿರಿಯಣ್ಣ ಹೈ ಕ್ಯಾ?” ಎಂದ. ಅಲ್ಲ, ತಮ್ಮ ಎಂದೆ. “ತೋ ಫಿರ್ ಭಾಯಿಸಾಬ್ ಕೋ ಭೇಜೋ. ಭಾಯಿ ಕಾ ಬಯಾನ್ ನಹೀ ಚಲೇಗಾ.” ಅಣ್ಣನನ್ನೇ ಕಳಿಸಬೇಕಂತೆ, ತಮ್ಮನ ಹೇಳಿಕೆ ನಡೆಯುವುದಿಲ್ಲವಂತೆ. ಹೊರಗೆ ಬಂದು ಸ್ಟೇಷನ್ನಿನವರೆಗೆ ನಡೆದೆ. ನಾಚಿಕೆ ಏನೆಂದರೆ, ಅವನು ಬೇಡವೆಂದದ್ದಕ್ಕೆ ನನ್ನ ಎದೆ ಹಗುರಾಗಿತ್ತು. ಮನಸ್ಸು ಮಾಡಿದ್ದರೆ ಅಲ್ಲೇ ನಿಂತು ಮೇಲಿನವರನ್ನು ನೋಡಬೇಕು ಎನ್ನಬಹುದಿತ್ತು. ನೀನಾಗಿದ್ದರೆ ಅನ್ನುತ್ತಿದ್ದೆ.

ಮಿಕ್ಕಂತೆ ಎಲ್ಲ ಕ್ಷೇಮ. ಅತ್ತಿಗೆಗೆ ನನ್ನ ನಮಸ್ಕಾರ. ರಮಾಮಣಿ ಮೆಂತ್ಯದ ಹಿಟ್ಟು ಕಳಿಸಲು ಯಾರಾದರೂ ಆ ಕಡೆ ಹೋಗುವವರನ್ನು ಹುಡುಕುತ್ತಿದ್ದಾಳೆ. ನಿಮ್ಮಿಬ್ಬರ ಆಶೀರ್ವಾದ ಈ ಮನೆಯ ಮೇಲಿರಲಿ ಎಂದು ಬರೆಯಬೇಕು. ಮನೆ ನಿಮ್ಮದೇ, ನನ್ನ ಮೇಲಿರಲಿ.

ನಿನ್ನ
ಸೀತಾರಾಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು. ‘ನಿನ್ನ ಹೆಸರಿನಲ್ಲಿ ಹೋಯಿತು’ ಎಂದು ಮೇಲೆ ಬರೆದೆನಲ್ಲ, ಆ ದೂರಿಗೆ ನಿನ್ನ ಸಹಿಯನ್ನು ನಾನೇ ಹಾಕಿದೆ. ಬ್ಯಾಂಕಿನ ಹಳೆಯ ಕಾಗದ ಮುಂದಿಟ್ಟುಕೊಂಡು ನಾಲ್ಕು ಸಲ ಅಭ್ಯಾಸ ಮಾಡಿದೆ, ಐದನೆಯದು ಕೂಡಿಬಂತು. ಈಗ ನಿಜ ಹೇಳುವ ಹೇಳಿಕೆಯನ್ನೂ ಬರೆದಿದ್ದೇನೆ, ದೂಜನ ಕೆಲಸದಲ್ಲಿ ಯಾವ ತಪ್ಪೂ ಇಲ್ಲ, ತಂತಿ ಸಡಿಲಿಸಿದವನು ಸೀತಾರಾಮ ಎಂದು. ಅದಕ್ಕೂ ನಿನ್ನ ಸಹಿ ಹಾಕಿ ಮುಗಿಸೋಣವೆಂದು ನಿನ್ನೆ ಕೂತರೆ ಒಂದೂ ಸರಿಬರಲಿಲ್ಲ. ಅದನ್ನು ಇದರೊಳಗೇ ಇಟ್ಟಿದ್ದೇನೆ. ಕೂಡಲೇ ಹಿಂತಿರುಗಿಸಿದರೆ ಇಪ್ಪತ್ತರೊಳಗೆ ತಲುಪುತ್ತದೆ. ನಿನ್ನ ಫೋನು ಹೋಗಬಹುದು, ಹೆಸರಿಗೂ ಕಲೆ ಬರಬಹುದು, ತಿಳಿದಿರಲಿ. ಅವರ ನಮೂನೆಯಲ್ಲಿ ನನ್ನ ಹೆಸರಿನ ಮುಂದೆ ‘ದೂರುದಾರರಿಗೆ ಸಂಬಂಧದಲ್ಲಿ ಏನಾಗಬೇಕು’ ಎನ್ನುವ ಜಾಗವೊಂದಿದೆ. ಅದನ್ನು ಖಾಲಿ ಬಿಟ್ಟಿದ್ದೇನೆ. ಇದನ್ನೆಲ್ಲ ಓದಿದ ಮೇಲೆ ಅಲ್ಲಿ ಏನೆಂದು ಬರೆಯುತ್ತೀಯ, ಅಣ್ಣಾ?